ಭಾವನ ಕೈಗೆ ಕೊಟ್ಟ ಬಾಚಣಿಗೆ

ನಮ್ಮ ಭಾವನನ್ನು ಬೀದಿಯವರೆಲ್ಲ ರೇಡಿಯೋ ಎಂದೇ ಕರೆಯುವುದು. ಅವರ ಕ್ಷೌರದಂಗಡಿಯಲ್ಲಿ ಒಂದು ತಲೆ ಮುಗಿಯುವಷ್ಟರಲ್ಲಿ ಮೂರು ಸರ್ಕಾರ ಉರುಳುತ್ತಿದ್ದವು. ಮಾತು ಮುಗಿಯುವಷ್ಟರಲ್ಲಿ ಕತ್ತರಿಸಿದ ಕೂದಲು ಮತ್ತೆ ಬೆಳೆದಿರುತ್ತಿತ್ತು. ಅಂಥವರು ಅಂಗಡಿಯ ಫ್ಯಾನು ಒರೆಸಲು ಸ್ಟೂಲು ಹತ್ತಿ ಬಿದ್ದು, ತಲೆಗೆ ಪೆಟ್ಟಾಗಿ, ಎರಡು ತಿಂಗಳು ಕಣ್ಣು ಬಿಟ್ಟುಕೊಂಡೇ ಮಲಗಿಬಿಟ್ಟರು. ಕರೆದರೆ ಓ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ಇಂಥವರಿಗೆಂದೇ ಒಂದು ಔಷಧವನ್ನು ಪರೀಕ್ಷಿಸುತ್ತಿದ್ದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ಅದೇ ಬಣ್ಣದ ಬರೀ ಹಿಟ್ಟು. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ಅಕ್ಕ ಸಹಿ ಹಾಕಿದಳು. ನಾಲ್ಕು ವಾರದೊಳಗೆ ಎಚ್ಚರದ ಗುರುತು ಕಂಡರೆ ಮಾತು, ನಡಿಗೆ ಕಲಿಸುವ ವಾರ್ಡಿಗೆ. ಇಲ್ಲದಿದ್ದರೆ ಹೇಗಿದ್ದಾರೋ ಹಾಗೇ ಮನೆಗೆ.

ಕೊನೆಯ ವಾರ ನರ್ಸಮ್ಮ ಭಾವನ ಕೈಗೆ ಬಾಚಣಿಗೆ ಕೊಟ್ಟು, "ತಲೆ ಬಾಚ್ಕೊಳ್ಳಿ" ಅಂದರು. ಕೈ ಮೆಲ್ಲಗೆ ಎದ್ದು ನರ್ಸಮ್ಮನ ತಲೆಯತ್ತ ಹೋಯಿತು. ಅವರು ಹಿಂದೆ ಸರಿದು ಸೊನ್ನೆ ಬರೆದುಕೊಂಡರು. ತನ್ನ ತಲೆಗೇ ಒಯ್ದರೆ ಮಾತ್ರ ಅಂಕವಂತೆ.

"ಸೊನ್ನೆ ಯಾಕಮ್ಮ?" ಅಂದಳು ಅಕ್ಕ. "ಇಪ್ಪತ್ತೆಂಟು ವರ್ಷದಲ್ಲಿ ಆ ಮನುಷ್ಯ ತನ್ನ ತಲೆ ಬಾಚ್ಕೊಂಡಿದ್ದೇ ನಾನು ನೋಡಿಲ್ಲ. ಮದುವೆ ದಿನಾನೂ ಬಾಚಿದ್ದು ಇಗೋ, ನನ್ನ ತಮ್ಮ."

ಡಾಕ್ಟರು ಬಂದು ವಿಷಯ ಕೇಳಿ, ತಾವೇ ತಲೆ ಬಗ್ಗಿಸಿ ನಿಂತರು. ಅವರ ತಲೆಯೋ ತೊಳೆದಿಟ್ಟ ತಟ್ಟೆ. ಅದರಲ್ಲಿ ನೋಡಿಕೊಂಡು ನಾನು ಎರಡು ಸಲ ಮೀಸೆ ತಿದ್ದಿಕೊಂಡಿದ್ದೇನೆ. ಭಾವನ ಕೈ ಅರ್ಧಕ್ಕೆ ನಿಂತಿತು. ಬಾಚಣಿಗೆಯನ್ನು ಹಾಸಿಗೆಯ ಮೇಲಿಟ್ಟುಬಿಟ್ಟರು.

"ಅಲ್ಲಿ ಕೆಲಸ ಇಲ್ಲ ಅಂತ ತಿಳೀತು ನೋಡಿ," ಅಂದಳು ಅಕ್ಕ.

ಡಾಕ್ಟರು ನಕ್ಕರು. "ನನ್ನ ತಲೆಗೂ ನಿಯಮದಲ್ಲಿ ಅಂಕ ಇಲ್ಲಮ್ಮ. ಬಾಚಣಿಗೆ ಇವರಿಗೆ ಕಸುಬು. ಬೇರೆ ಏನಾದ್ರೂ ಕೊಡೋಣ."

ಖಾಲಿ ಲೋಟ ಕೊಟ್ಟರು, ಬಾಯಿಗೆ ಹೋಯಿತು. ಹಲ್ಲುಜ್ಜುವ ಬ್ರಷ್ ಕೊಟ್ಟರು, ಅದೂ ಹೋಯಿತು. ಮತ್ತೆ ಮತ್ತೆ ಕೊಟ್ಟು ನೋಡಿ ನರ್ಸಮ್ಮ ಅಂಕ ಬರೆದರು. ಮರುದಿನವೇ ವಾರ್ಡು ಬದಲಾಯಿತು.

"ಔಷಧದಿಂದಲೇ ಅಂತ ಈಗಲೇ ಹೇಳಕ್ಕಾಗಲ್ಲ," ಅಂದರು ಡಾಕ್ಟರು. "ಎಲ್ಲರ ಲೆಕ್ಕ ಸಿಗಬೇಕು."

"ಹಿಟ್ಟೇ ಆಗಿರ್ಲಿ ಬಿಡಿ ಸ್ವಾಮಿ. ದಿನಾ ಬಂದು ಅವರನ್ನ ಮನುಷ್ಯನ ಥರ ಮಾತಾಡಿಸಿದ್ರಲ್ಲ," ಅಂದಳು ಅಕ್ಕ.

ನನ್ನದೂ ಅದೇ. ಔಷಧ ಅರೆದವರಿಗೂ ನಮಸ್ಕಾರ, ಹಿಟ್ಟು ಕಲಸಿದವರಿಗೂ ನಮಸ್ಕಾರ.

ಹೊಸ ವಾರ್ಡಿನ ಒಂಬತ್ತನೇ ದಿನ, ಮಂಚದ ಪಕ್ಕ ನಿಂತಿದ್ದ ಅಕ್ಕನನ್ನು ಭಾವ ಬಹಳ ಹೊತ್ತು ನೋಡಿದರು. ಆಮೇಲೆ ತುಟಿ ಅಲುಗಿತು.

"ಕೂತ್ಕೋ."

ಮೂರು ತಿಂಗಳಿಂದ ನಿಂತೇ ಇದ್ದವಳು ಕೂತಳು.