ನಾಲ್ಕು ಚುಕ್ಕಿ

ಪತ್ರಿಕೆಯಲ್ಲಿ ನನಗೆ ತಡವರಿಸದೆ ಓದಲು ಬರುವುದು ಚುಕ್ಕಿ ಮಾತ್ರ. ಅದಕ್ಕೆ ಒತ್ತಿಲ್ಲ, ಕೊಂಬಿಲ್ಲ, ದೀರ್ಘವಿಲ್ಲ. ತಲೆ ನರೆತ ಮೇಲೆ ವಯಸ್ಕರ ಶಾಲೆಯಲ್ಲಿ ಅಕ್ಷರ ತಿದ್ದಿದವಳು ನಾನು. ‘ಪ್ರಜಾಪ್ರತಿನಿಧಿ’ ಎಂಬ ಒಂದು ಪದ ದಾಟುವುದರೊಳಗೆ ಎರಡು ಸಲ ಎಡವುತ್ತೇನೆ. ಆದರೆ ಹೆಸರಿರಬೇಕಾದ ಜಾಗದಲ್ಲಿ ಚುಕ್ಕಿ ಕಂಡರೆ ಸರಾಗವಾಗಿ ಓದಿಬಿಡುತ್ತೇನೆ: ಇಲ್ಲಿ ಯಾರೋ ಹೆದರಿದ್ದಾರೆ.

ಈ ಪಾಂಡಿತ್ಯ ಬಂದದ್ದು ಹೀಗೆ. ಹುಣಸೂರಿನ ಕಾಫಿ ಕಾರ್ಖಾನೆಯಲ್ಲಿ ನಾವು ಹೆಂಗಸರು ಬೀಜ ಆರಿಸುತ್ತಿದ್ದೆವು. ಸಂಜೆ ಮನೆಗೆ ಹೊರಟರೆ, ಕದ್ದ ಬೀಜ ಹುಡುಕುವ ನೆಪದಲ್ಲಿ ಮೇಸ್ತ್ರಿ ರಾಚಪ್ಪ ಗೇಟಿನಲ್ಲಿ ನಮ್ಮ ಸೊಂಟಕ್ಕೆ, ಸೆರಗಿಗೆ ಕೈ ಹಾಕುತ್ತಿದ್ದ. ಇನ್ನೊಬ್ಬ ಮೇಸ್ತ್ರಿ ಬಸವಯ್ಯ. ಅವನು ಬುಟ್ಟಿ ನೋಡಿ, “ಓಗ್ರವ್ವ, ಓಗಿ, ಒಲೆ ಅತ್ಸೋ ಒತ್ತಾಯ್ತು” ಎಂದು ಬಿಟ್ಟುಬಿಡುತ್ತಿದ್ದ. ನಾನು ಶಾಲೆಯ ಮೇಷ್ಟರಿಂದ ಮೈಸೂರಿನ ಒಂದು ವಾರಪತ್ರಿಕೆಗೆ ಕಾಗದ ಬರೆಸಿದೆ. ರಾಚಪ್ಪನ ಹೆಸರು ಹೇಳಿ ಬರೆಸಿ, ಕೆಳಗೆ ನನ್ನ ಹೆಸರನ್ನು ನಾನೇ ಬರೆದೆ.

ಅಚ್ಚಾಗಿ ಬಂತು. ನನ್ನ ಹೆಸರು ಊರುಕೇರಿ ಸಮೇತ ಇತ್ತು. ಅವನದು ಮಾತ್ರ ‘ಮೇಸ್ತ್ರಿ . . . . ಎಂಬುವರು’.

ಕಾಫಿ ಹೋಟೆಲಿನಲ್ಲಿ ಪತ್ರಿಕೆಯನ್ನು ಎಲ್ಲರಿಗಿಂತ ಮುಂಚೆ ಕೈಗೆತ್ತಿಕೊಂಡವನು ರಾಚಪ್ಪನೇ. “ಎಣ್ಸ್ರಲಾ ಚುಕ್ಕಿಯ! ನಾಕವೆ. ರಾ-ಚ-ಪ್ಪ, ಮೂರೇಯ. ಬ-ಸ-ವ-ಯ್ಯ, ನಾಕು. ಇನ್ನೇನ್ ಬೇಕ್ಲಾ?” ಆ ವರ್ಷ ಊರಿಗೆ ಊರೇ ಹೊಸದಾಗಿ ಅಕ್ಷರ ಕಲಿತಿತ್ತು, ಬೆರಳು ಮಡಿಸಿ ಎಣಿಸಿಯೇ ಎಣಿಸಿತು. ಬಸವಯ್ಯನ ಕೆಲಸ ಹೋಯಿತು. ಹಿಂದೆಯೇ ಅವನ ಹೆಂಡತಿಯೂ ಮಗು ಎತ್ತಿಕೊಂಡು ತವರಿಗೆ ಹೋದಳು. ತಪ್ಪಿತಸ್ಥ ರಾಚಪ್ಪ ಎಂದು ನಾನು ಕಾರ್ಖಾನೆಯ ಗುಮಾಸ್ತರ ಮುಂದೆ ಬಾಯಿಬಿಟ್ಟು ಹೇಳಿದೆ. “ಪೇಪರ್ನಲ್ಲಿ ಹಂಗಿಲ್ವಲ್ಲಮ್ಮ” ಎಂದರು. ಮಿಕ್ಕ ಹೆಂಗಸರು ನೆಲ ನೋಡಿದರು. ಬಾಗಿಲಲ್ಲಿ ರಾಚಪ್ಪ ನಿಂತಿದ್ದ.

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡುವ ಬಸ್ಸಿನಲ್ಲಿ ಮಸಿ ಕುಡಿದುಕೊಂಡು ಮೈಸೂರಿಗೆ ಹೋದೆ. ಸಂಪಾದಕರು ಸಜ್ಜನರು, ಕುರ್ಚಿ ಕೊಟ್ಟರು. “ಅಮ್ಮಾ, ದೂರಿಗೆ ಒಳಗಾದವರ ಹೆಸರು ಹಾಕಬಾರದೆಂದು ಪತ್ರಿಕೆಯವರೇ ಸೇರಿ ಮಾಡಿಕೊಂಡ ನಿಯಮ. ನಮ್ಮ ಬಾಯಿಗೆ ನಾವೇ ಕೈ ಇಟ್ಟುಕೊಂಡರೆ ಸರ್ಕಾರ ಬೀಗ ಹಾಕುವುದಿಲ್ಲ” ಎಂದರು.

“ನಿಮ್ ಬಾಯ್ಗಿಟ್ಕಳಿ ಸ್ವಾಮಿ. ನನ್ ಬಾಯ್ಗ್ಯಾಕಿಟ್ರಿ?”

ಅವರು ನಕ್ಕರು. ಚುಕ್ಕಿ ನಾಲ್ಕೇ ಯಾಕೆ ಎಂದೆ. ಒಳಗಿನಿಂದ ಅಚ್ಚಿನ ಮೊಳೆ ಜೋಡಿಸುವವನು ಕೂಗಿ ಹೇಳಿದ: “ಸಾಲು ತುಂಬ್ಲಿಲ್ಲ ಸಾರ್, ಅದಕ್ಕೆ ನಾಲ್ಕು ಹಾಕ್ದೆ!”

ಹೊಟ್ಟೆಕಿಚ್ಚಿಗೆ ಬರೆದ ಹೆಸರನ್ನೆಲ್ಲ ಅಚ್ಚು ಹಾಕಿದರೆ ಊರಲ್ಲಿ ಯಾರ ಮಾನವೂ ಉಳಿಯದು, ನಾನೂ ಒಪ್ಪುತ್ತೇನೆ. ಹಾಗಿದ್ದರೆ ಹುಣಸೂರಿಗೆ ಬಂದು ಹತ್ತು ಹೆಂಗಸರನ್ನು ಕೇಳಬೇಕಿತ್ತು. ನಿಜವೆಂದು ಕಂಡರೆ ಹೆಸರು ಹಾಕಬೇಕಿತ್ತು, ಸುಳ್ಳಾದರೆ ಕಾಗದ ಹರಿಯಬೇಕಿತ್ತು. ವಿಚಾರಿಸುವುದಕ್ಕೆ ಕಾಲು ನೋಯುತ್ತದೆ, ಚುಕ್ಕಿ ಇಡುವುದಕ್ಕೆ ಏನೂ ನೋಯುವುದಿಲ್ಲ. ಅದಕ್ಕೆ ಸಂಯಮ ಎಂದು ಹೆಸರಿಟ್ಟಿದ್ದಾರೆ. ನಮ್ಮ ಕಡೆ ಅದನ್ನು ಪುಕ್ಕಲುತನ ಎನ್ನುತ್ತೇವೆ.

ಮುಂದಿನ ವಾರ ಮೂಲೆಯಲ್ಲೊಂದು ಸ್ಪಷ್ಟೀಕರಣ ಬಂತು: ‘ಸದರಿ ಪತ್ರದಲ್ಲಿನ ಚುಕ್ಕಿಗಳು ಯಾವ ವ್ಯಕ್ತಿಯನ್ನೂ ಸೂಚಿಸುವುದಿಲ್ಲ.’ ರಾಚಪ್ಪ ಅದನ್ನು ಕತ್ತರಿಸಿ ಗೇಟಿಗೇ ಅಂಟಿಸಿದ. ಸಂಜೆ ಅದರ ಪಕ್ಕದಲ್ಲೇ ನಿಂತು ಕೈ ಹಾಕಿದ.

ನಾನು ಇನ್ನೊಂದು ಪ್ರತಿ ಹಿಡಿದು ಪಿರಿಯಾಪಟ್ಟಣಕ್ಕೆ ಹೋದೆ. ಬಸವಯ್ಯ ಅಲ್ಲಿ ಹೊಗೆಸೊಪ್ಪಿನ ಮೂಟೆ ಹೊರುತ್ತಿದ್ದ. ಎಡವುತ್ತ ಎಡವುತ್ತ ಓದಿ ಹೇಳಿದೆ. ಕಿವಿಗೊಟ್ಟು ಕೇಳಿದ.

“ಇದ್ರಲ್ಲಿ ನನ್ನೆಸ್ರೆಲ್ಲವ್ವ?”

“ನಿನ್ನೆಸ್ರ ಆಕೇ ಇರ್ನಿಲ್ವಲ್ಲಪ್ಪ. ಇಲ್ದಿದ್ ಎಸ್ರ ಎಂಗ್ ತೆಗೀತಾರು?”

ಅವನು ಮೂಟೆಗೆ ಬೆನ್ನು ಕೊಟ್ಟ. “ಅಂಗಾರೆ ನನ್ನೆಂಡ್ರು ಯಾರೆಸ್ರ ಓದ್ಕಂಡು ತವರ್ಗೋದ್ಲವ್ವ?”