ಚಕ್ರಕ್ಕೂ ಫಿಲ್ಟರಿಗೂ ನಡುವೆ ಒಂದು ತಗಡು

ತಗಡಿನ ಮಾವನಿಗೆ ಒಂದು ಹಟವಿತ್ತು. ಯಾರಾದರೂ ಬಂದು ಕೇಳಿದರೆ ತಟ್ಟೆ ಮುಂದಿನಿಂದ ಎದ್ದುಹೋಗಿ ಕೆಲಸ ಮಾಡಿಕೊಡುವರು. ಕೇಳದಿದ್ದರೆ ಕಣ್ಣೆದುರೇ ಗೋಡೆ ವಾಲಿದರೂ ತುಟಿ ಪಿಟಕ್ಕೆನ್ನರು. ನಲವತ್ತು ವರ್ಷ ತಗಡಿನ ಜೊತೆಗೇ ಕಳೆದವರು. ದೊಡ್ಡ ಕಟ್ಟಡಗಳೊಳಗೆ ಗಾಳಿ ಸಾಗಿಸುವ ಚೌಕದ ಕೊಳವೆಗಳು, ಸೂರಿನಂಚಿಗೆ ಕೂರಿಸುವ ನೀರಿನ ದೋಣಿಗಳು, ಅಡುಗೆಮನೆಯ ಹೊಗೆಗೂಡುಗಳು, ಎಲ್ಲವೂ ಅವರ ಕತ್ತರಿ ಮತ್ತು ಮರದ ಕೊಡತಿಯಿಂದಲೇ ಆಗಬೇಕು. ಗಾಳಿ ಎಲ್ಲಿಂದ ನುಗ್ಗುತ್ತದೆ, ನೀರು ಎಲ್ಲಿಗೆ ಇಳಿಯುತ್ತದೆ ಎಂಬುದರಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ. ಹಾಗಾಗಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವರು ತಗಡಿನ ಮಾವ.

ಎದುರಿನ ಬೇಕರಿಯವನು ಒಮ್ಮೆ ಬೇರೆ ಯಾರಿಂದಲೋ ಹೊಗೆಕೊಳವೆ ಮಾಡಿಸಿ, ಅದರ ಟೊಪ್ಪಿಯನ್ನು ಹಿಂದುಮುಂದಾಗಿ ಕೂರಿಸಿದ. ಮಾವ ತಮ್ಮ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಇಡೀ ಕಾರ್ಯಕ್ರಮವನ್ನು ನೋಡಿದರು. ಹೊಗೆಯೆಲ್ಲ ಒಳಗೇ ತಿರುಗಿ ಬೇಕರಿಯವನು ಕೆಮ್ಮುತ್ತಾ ಬೀದಿಗೆ ಓಡಿಬಂದಾಗ, "ಕೇಳಿದ್ರೆ ಹೇಳ್ತಿದ್ದೆ" ಎಂದರು, ಅಷ್ಟೇ. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನ ಹೆಂಡತಿ ಮಾತ್ರ ನಗಲಿಲ್ಲ. "ಈ ಬಿಗುಮಾನ ನಿಮಗೆ ಒಂದಿನ ಚೆನ್ನಾಗಿ ಬುದ್ಧಿ ಕಲಿಸುತ್ತೆ ನೋಡ್ತಿರಿ" ಎಂದು ಒಳಗೆ ಹೋದರು.

ಮಾವನಿಗೆ ಇದ್ದದ್ದು ಒಬ್ಬಳೇ ಮಗಳು. ಅಳಿಯ ನೀರಿನ ಬಿಲ್ಲಿನ ಕಚೇರಿಯಲ್ಲಿ ಗುಮಾಸ್ತ. ಕಚೇರಿಯಲ್ಲಿ ಯಾರು ಏನಂದರೂ ತಲೆಯಾಡಿಸಿ ಸುಮ್ಮನಾಗುವ ಸಾಧು ಪ್ರಾಣಿ. ಆದರೆ ಮನೆಗೆ ಬಂದು ತನ್ನ ಹಳೆಯ ಕೆಂಪು ಕಾರಿನ ಬಾನೆಟ್ ಎತ್ತಿದನೆಂದರೆ ಬೇರೆಯೇ ಮನುಷ್ಯನಾಗಿಬಿಡುತ್ತಿದ್ದ. ಒರೆಸುತ್ತಾ ಹಾಡುತ್ತಿದ್ದ, ನಟ್ಟು ತಿರುಗಿಸುತ್ತಾ ಹಾಡುತ್ತಿದ್ದ, ಶ್ರುತಿಯ ಗೊಡವೆ ಮಾತ್ರ ಇರಲಿಲ್ಲ. "ಇವರು ತಾಳಿ ಕಟ್ಟಿದ್ದು ನನಗೋ ಆ ಕಾರಿಗೋ, ಒಂದ್ಸಲ ವಿಚಾರಿಸಬೇಕು" ಎಂದು ಮಗಳು ಚೇಷ್ಟೆ ಮಾಡುವಳು. ಗುಜರಿಗೆ ಹೋಗಬೇಕಿದ್ದ ಗಾಡಿಯನ್ನು ಮೂರು ವರ್ಷ ಭಾನುವಾರಗಳನ್ನೆಲ್ಲ ಸುರಿದು ಅವನು ಎಬ್ಬಿಸಿ ನಿಲ್ಲಿಸಿದ್ದ. ಮಾವನಿಗೆ ಅದು ಇಷ್ಟ. ಕೈಕೆಲಸ ಗೊತ್ತಿರುವವನು ಅಳಿಯನಾಗಿ ಸಿಕ್ಕನಲ್ಲ ಎಂದು ಒಳಗೊಳಗೇ ಹಿಗ್ಗು. ಅವರ ಆಸೆ ಒಂದೇ. ಒಂದು ದಿನ ಅಳಿಯ ಅಂಗಡಿಯ ಮೆಟ್ಟಿಲು ಹತ್ತಿ ಬಂದು, "ಮಾವ, ಇದನ್ನ ಹೇಗೆ ಮಾಡಲಿ?" ಎಂದು ಕೇಳಬೇಕು. ಹೊರಗೆ ಹೇಳಿಕೊಳ್ಳಲು ನಾಚಿಕೆ.

ಆ ವರ್ಷ ಬೇಸಿಗೆಯ ಕೊನೆಗೆ ಅಳಿಯ ಕಾರಿಗೆ ಹೊಸ ಏರ್ ಇನ್‌ಟೇಕ್ ತಂದು ಹಾಕಿದ. ಕಾರಿನ ಜೊತೆ ಬಂದಿದ್ದ ಕಪ್ಪು ಪೆಟ್ಟಿಗೆ ಇಂಜಿನ್ನಿಗೆ ಬೇಕಾದ ಗಾಳಿಯನ್ನು ಮೇಲಿನಿಂದ ಎಳೆದುಕೊಳ್ಳುತ್ತಿತ್ತು. ಅದನ್ನು ಕಿತ್ತು, ಮಿರಮಿರ ಮಿಂಚುವ ಪೈಪೊಂದನ್ನು ಕೆಳಕ್ಕೆ ಇಳಿಸಿ, ಮುಂದಿನ ಬಂಪರಿನ ಮೂಲೆಯಲ್ಲಿ ಚಕ್ರದ ಮಗ್ಗುಲಿಗೇ ಒಂದು ಫಿಲ್ಟರ್ ಸಿಕ್ಕಿಸಿದ. ಕೆಳಗೆ ತಣ್ಣನೆಯ ಗಾಳಿ ಸಿಗುತ್ತದೆ, ಇಂಜಿನ್ನಿಗೆ ಹುರುಪು ಬರುತ್ತದೆ, ಸದ್ದೂ ಗಂಭೀರವಾಗುತ್ತದೆ ಎಂಬ ಲೆಕ್ಕ. ಪೈಪಿಗೆ ಜಾಗ ಸಾಲದೆ ಚಕ್ರದ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದುಹಾಕಿದ್ದ.

ಮಗಳ ಮನೆಯಲ್ಲಿ ಬೀಗರನ್ನೂ ಕೂರಿಸಿಕೊಂಡು ಊಟವಾದ ಮೇಲೆ ಎಲ್ಲರನ್ನೂ ಹೊರಗೆ ಕರೆದು ತೋರಿಸಿದ. ಮಾವ ಬಗ್ಗಿ ನೋಡಿದರು. ಚಕ್ರಕ್ಕೂ ಫಿಲ್ಟರಿಗೂ ನಡುವೆ ಒಂದು ಗೇಣು ಬರೀ ಬಯಲು. ಜೀವನದಲ್ಲಿ ಮೊದಲ ಬಾರಿಗೆ ಯಾರೂ ಕೇಳದೆಯೇ ಬಾಯಿ ತೆರೆದರು.

"ಇಷ್ಟು ಕೆಳಗಿದ್ರೆ ನೀರು..."

"ಅಯ್ಯೋ ಮಾವ, ದೊಡ್ಡ ಇಂಜಿನಿಯರುಗಳು ಲೆಕ್ಕ ಹಾಕಿ ಮಾಡಿರೋದು ಇದು. ನಿಮ್ಮ ತಗಡಿನ ಕೆಲಸ ಅಲ್ಲ!"

ಅಳಿಯ ನಕ್ಕ. ಬೀಗರು ನಕ್ಕರು. ಮಾವನೂ ನಕ್ಕರು, ಎದೆಯೊಳಗೆ ಮಾತ್ರ ಚುರುಕ್ ಎಂದಿತು. ಹುಡುಗನ ಮಾತಿನಲ್ಲಿ ವಿಷವೇನೂ ಇರಲಿಲ್ಲ. ಸಂತೋಷ ಹೆಚ್ಚಾದವನ ಬಾಯಿಂದ ಜಾರಿದ ಮಾತು, ಇನ್ನೊಬ್ಬರಾಗಿದ್ದರೆ ಕೈ ತೊಳೆಯುವಷ್ಟರಲ್ಲಿ ಮರೆಯುತ್ತಿದ್ದರು. ನಮ್ಮ ಮಾವ ಅದನ್ನು ಮನೆಗೆ ತಂದು, ಹಾಸಿಗೆಯಲ್ಲಿ ಪಕ್ಕಕ್ಕೆ ಮಲಗಿಸಿಕೊಂಡರು.

ಬಾಯಿ ಮುನಿಸಿಕೊಂಡರೂ ಕೈ ಮುನಿಸಿಕೊಳ್ಳಲಿಲ್ಲ. ಮುಂದಿನ ಭಾನುವಾರ ಮಗಳು ಅಳಿಯ ಬಂದು, ಊಟ ಮಾಡಿ ಮಹಡಿಯಲ್ಲಿ ಒರಗಿದ್ದಾಗ, ಮಾವ ಒಂದು ರಟ್ಟು, ಪೆನ್ಸಿಲ್ಲು, ಕತ್ತರಿ ಹಿಡಿದು ಕಾರಿನ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತರು. ಪೈಪು ಕೂರಿಸುವ ಭರದಲ್ಲಿ ಅಳಿಯ ದೀಪದ ಕೆಳಗಿನ ಒಂದು ಕಬ್ಬಿಣದ ಪಟ್ಟಿಯನ್ನು ಅಡ್ಡಾದಿಡ್ಡಿ ಬಗ್ಗಿಸಿದ್ದ. ಆ ಸೊಟ್ಟಕ್ಕೂ ಸರಿಯಾಗಿ ರಟ್ಟಿನಲ್ಲಿ ಕಚ್ಚು ತೆಗೆದರು. ಹೆಂಡತಿ ಕಿಟಕಿಯಿಂದ ನೋಡುತ್ತಿದ್ದರು.

ಆ ರಟ್ಟಿನ ಅಳತೆಗೆ ತಗಡು ಕತ್ತರಿಸಿ, ಮೂರು ದಿನ ಅದರ ಕೆಲಸದಲ್ಲೇ ಕೂತರು. ತೆಳ್ಳನೆಯ ಅಲ್ಯೂಮಿನಿಯಂ ಹಾಳೆ, ಅಂಗೈ ಗುಳಿ ಮಾಡಿದಂತೆ ಬಾಗಿದ್ದು. ಚಕ್ರ ಎರಚಿದ ನೀರು ಮೇಲಂಚಿಗೆ ಬಡಿದು ಮಡಿಕೆಯಲ್ಲಿ ಹರಿದು ಪಕ್ಕಕ್ಕೆ ಇಳಿಯಬೇಕು. ಒಳಗೆ ನುಸುಳಿದ ಹನಿಗೆ ತಳದಲ್ಲಿ ಸೀಳು. ಗಾಳಿಗೆ ಸುತ್ತ ಎರಡು ಬೆರಳು ಜಾಗ, ಇಲ್ಲವಾದರೆ ಇಂಜಿನ್ನು ಉಸಿರು ಕಟ್ಟುತ್ತದೆ. ಅಂಚು ಕೈಗೆ ತಾಗದಂತೆ ಒಳಕ್ಕೆ ಮಡಚಿ, ಕೊಡತಿಯಿಂದ ಸದ್ದೇ ಬಾರದಷ್ಟು ಮೆಲ್ಲಗೆ ತಟ್ಟಿದರು. ನಲವತ್ತು ವರ್ಷದಲ್ಲಿ ಅಷ್ಟು ನಾಜೂಕಾದ ಕೆಲಸವನ್ನು ಅವರು ಮಾಡಿರಲಿಲ್ಲ. ಮಾಡಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಅಂಗಡಿಯ ಗೂಡಿನಲ್ಲಿಟ್ಟರು.

"ಕೊಟ್ಟುಬಿಡಿ ಅಂತೀನಿ. ಮೋಡ ನೋಡಿ ಹೇಗಿದೆ" ಎಂದರು ಹೆಂಡತಿ.

"ಕೇಳಲಿ, ಕೊಡ್ತೀನಿ."

"ನಿಮ್ಮ ಮನಸ್ಸಲ್ಲಿರೋದು ಆ ಹುಡುಗನಿಗೇನು ಕನಸು ಬೀಳುತ್ತಾ?"

"ತಗಡಿನ ಕೆಲಸ ಬೇಡ ಅಂದವರು ಅವರೇ ಅಲ್ವಾ?"

ಅದರ ಮುಂದಿನ ಎರಡು ಭಾನುವಾರ ಅಳಿಯ ಬಂದ. ಮಾವ ಅವನನ್ನು ಅಂಗಡಿಗೆ ಕರೆದು ಕೂರಿಸಿ, ಕೇಳಲು ದಾರಿ ಮಾಡಿಕೊಟ್ಟರು, ಇಲ್ಲವೆನ್ನುವಂತಿಲ್ಲ. "ಹೇಗಿದೆ ಕಾರು?" ಎಂದು ಕೇಳಿ ಕಾದರು. "ಸೂಪರ್ ಮಾವ! ಬರುವಾಗ ಸದ್ದು ಕೇಳಿಸ್ತಾ?" ಎಂದ ಅಳಿಯ. ಕೇಳಿಸಿತು ಎಂದರು ಮಾವ. ಗೂಡು ಅವನ ಬೆನ್ನ ಹಿಂದೆ ಮೂರು ಹೆಜ್ಜೆಯಲ್ಲಿತ್ತು.

ಮಳೆ ಬುಧವಾರ ಮಧ್ಯಾಹ್ನ ಬಂತು. ಅಂಗಡಿಯ ತಗಡಿನ ಸೂರಿನ ಮೇಲೆ ಮೊದಲ ಹನಿಗಳು ಬಿದ್ದಾಗಲೇ ಮಾವನ ಕೈ ನಿಂತಿತು. ಎದ್ದು ಫೋನಿನ ಬಳಿ ಹೋದರು. ನಿಧಾನಕ್ಕೆ ಬನ್ನಿ, ನೀರು ನಿಂತ ಕಡೆ ಬೇಡ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ನಗು ಮತ್ತೆ ಕಿವಿಯಲ್ಲಿ ಆಡಿತು. ನಾನ್ಯಾಕೆ ಬೇಡದ ಉಸಾಬರಿಗೆ ಹೋಗಲಿ ಎಂದುಕೊಂಡು ತಿರುಗಿ ಬಂದು ಕೂತರು.

ಕಚೇರಿ ಬಿಟ್ಟು ಬರುವಾಗ ಅಳಿಯ ಸೇತುವೆಯ ಕೆಳಗಿನ ರಸ್ತೆ ಹಿಡಿದಿದ್ದ. ಪಾದ ಮುಳುಗುವಷ್ಟು ನೀರು, ಬೇರೆ ಕಾರುಗಳೆಲ್ಲ ಸಲೀಸಾಗಿ ದಾಟಿಹೋದವು. ಕೆಂಪು ಕಾರು ನಡುವೆ ಒಮ್ಮೆ ದಡ್ ಎಂದು ನಿಂತಿತು. ಗಾಬರಿಗೆ ಅವನು ಮೂರು ಬಾರಿ ಕೀಲಿ ತಿರುಗಿಸಿದ. ಅಲ್ಲಿಗೆ ಇದ್ದ ಜೀವವೂ ಹೋಯಿತು.

ಮರುದಿನ ಬೆಳಿಗ್ಗೆ ಮಾವನೂ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ಕು ಫಿಲ್ಟರನ್ನು ಹಿಂಡಿ ತೋರಿಸಿದ, ಒದ್ದೆ ಬಟ್ಟೆ ಹಿಂಡಿದಂತೆ ನೀರು ಸುರಿಯಿತು. "ಇಂಜಿನ್ನು ಗಾಳಿ ಬದ್ಲು ನೀರು ಕುಡಿದುಬಿಟ್ಟಿದೆ. ಒಳಗೆ ರಾಡು ಬಗ್ಗಿದೆ, ಬ್ಲಾಕೂ ಸೀಳಿದೆ. ಇದನ್ನ ಸರಿ ಮಾಡೋದಕ್ಕಿಂತ ಬೇರೆ ಗಾಡಿ ನೋಡ್ಕೊಳ್ಳಿ ಸಾರ್." ಆಮೇಲೆ, ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು, ಮಾವನ ಕಡೆ ತಿರುಗಿದ. "ನೋಡಿ ಯಜಮಾನ್ರೇ, ಚಕ್ರ ನೇರವಾಗಿ ಇಲ್ಲಿಗೇ ಎರಚಿದೆ. ನಡುವೆ ಒಂದು ಚೂರು ತಗಡು ಇದ್ದಿದ್ರೆ ಸಾಕಿತ್ತು."

ಅಳಿಯ ಕಾರಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ಮಾವನಿಗೆ ನೆಲ ಬಿರಿದು ಒಳಗೆ ಎಳೆದುಕೊಳ್ಳಬಾರದೇ ಎನ್ನಿಸಿತು.

ಕಾರು ಗುಜರಿಗೆ ಹೋಯಿತು. ಅಳಿಯ ಬಸ್ಸು ಹಿಡಿಯತೊಡಗಿದ. ಇನ್ನೊಂದು ಹಳೆಯ ಗಾಡಿ ನೋಡಬಹುದಿತ್ತು, ಮಗಳೇ ಒತ್ತಾಯ ಮಾಡಿದಳು, ಅವನಿಗೆ ಮನಸ್ಸಾಗಲಿಲ್ಲ. ಸಲಕರಣೆಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ. ಭಾನುವಾರ ಬಂದರೆ ಊಟ ಮಾಡಿ, ಪತ್ರಿಕೆ ಓದಿ, ಹೊರಡುತ್ತಿದ್ದ. "ಈಗ ಹಾಡೋದೇ ಇಲ್ಲ ಅಪ್ಪ. ಮೊದಲು ಬಾಯಿ ಮುಚ್ಚಿ ಅಂತ ಬೈತಿದ್ದೆ" ಎಂದಳು ಮಗಳು ಒಂದು ದಿನ. ಮಾವ ಅನ್ನ ಕಲಸುತ್ತಾ ಕೂತರು, ತುತ್ತು ಎತ್ತಲಾಗಲಿಲ್ಲ. ಒಬ್ಬ ಮನುಷ್ಯನಿಗಿದ್ದ ಒಂದೇ ಒಂದು ಖುಷಿಯನ್ನು ತಾನು ಪತ್ರಿಕೆಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟುಕೊಂಡಿದ್ದೆನಲ್ಲ ಎಂದು ಕೊರಗಿದರು. ಹೇಳಿಬಿಡೋಣ ಎಂದು ಎಷ್ಟೋ ಬಾರಿ ಬಾಯಿ ತನಕ ಬಂತು. ಈಗ ಹೇಳಿದರೆ ಏನು ಬಂತು ಎಂದು ನುಂಗಿದರು. ತಗಡನ್ನು ಎಸೆಯಲೂ ಕೈ ಬರಲಿಲ್ಲ. ಮನೆಯ ಅಟ್ಟಕ್ಕೆ ಸೇರಿಸಿದರು.

ಒಂದೂವರೆ ವರ್ಷದ ಮೇಲೆ ಅತ್ತೆ ಒಂದು ಸೂಟ್‌ಕೇಸು ಇಳಿಸಿಕೊಡಲು ಅಳಿಯನನ್ನು ಅಟ್ಟ ಹತ್ತಿಸಿದರು. ಇಳಿಯುವಾಗ ಅವನ ಕೈಯಲ್ಲಿ ಸೂಟ್‌ಕೇಸು ಇರಲಿಲ್ಲ. ಹರಿದ ಪತ್ರಿಕೆಯೊಳಗಿನ ತಗಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಆ ಸೊಟ್ಟ ಕಚ್ಚಿನ ಮೇಲೆ ಅವನ ಹೆಬ್ಬೆರಳು ನಿಂತಿತು. ಅಂಥ ಸೊಟ್ಟ ಪಟ್ಟಿ ಲೋಕದಲ್ಲಿ ಇದ್ದದ್ದು ಒಂದೇ ಕಾರಿಗೆ.

"ಇದು ನನ್ನ ಕಾರಿಗೆ ಮಾಡಿದ್ದಲ್ವಾ ಮಾವ?"

ಮಾವ ತಲೆಯಾಡಿಸಿದರು.

"ಯಾವಾಗ ಮಾಡಿದ್ರಿ?"

ಆಮೇಲೆ ಮಾಡಿದೆ, ಸುಮ್ಮನೆ ಮಾಡಿದೆ ಎನ್ನಬಹುದಿತ್ತು. "ಮಳೆಗೆ ಎರಡು ವಾರ ಮುಂಚೆ" ಎಂದರು.

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿ ಅಂತ ಇದ್ದೆ. ಆವತ್ತು ಬೀಗರ ಮುಂದೆ ತಗಡಿನ ಕೆಲಸ ಅಂದುಬಿಟ್ರಲ್ಲ..."

ಅಳಿಯ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದ. "ನಾನಾ? ಹಾಗಂದ್ನಾ?" ಅವನಿಗೆ ನೆನಪೇ ಇರಲಿಲ್ಲ. ಮೆಲ್ಲಗೆ ಅಂದ, "ಯಾರಿಗೂ ತೋಚಿರಲಿಲ್ಲ, ನಮ್ಮ ಗ್ರಹಚಾರ ಅಂದ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ ಮಾವ."

ಕೂಗಾಡಿದ್ದರೆ ಮಾವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ತಗಡನ್ನು ಮೇಜಿನ ಮೇಲಿಟ್ಟು, ಮತ್ತೆ ಅಟ್ಟ ಹತ್ತಿ ಅತ್ತೆಯ ಸೂಟ್‌ಕೇಸು ಇಳಿಸಿಕೊಟ್ಟು, ಕಾಫಿ ಕುಡಿದು, ಐದೂವರೆಯ ಬಸ್ಸಿಗೆ ಹೋದ.

ಜಗಳವಾಗಲಿಲ್ಲ, ಬರುವುದು ಹೋಗುವುದು ನಿಲ್ಲಲಿಲ್ಲ. ಎರಡು ತಿಂಗಳ ಮೇಲೆ ಮಗಳು ಅಳಿಯ ಬೇರೆ ಮನೆ ನೋಡಿದರು, ಹೊಸ ಕಟ್ಟಡದ ಕೊನೆಯ ಮಹಡಿ. ಅಳಿಯ ತಾನಾಗಿಯೇ ಅಂಗಡಿಗೆ ಬಂದ. "ಮಾವ, ಮುಂಗಡ ಕೊಡೋ ಮುಂಚೆ ನೀವೊಂದ್ಸಲ ನೋಡ್ಬೇಕು" ಎಂದ. ಮಾವ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ಆ ವಯಸ್ಸಿನಲ್ಲಿ ನಾಲ್ಕು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದರು. ಸೂರಿನಂಚು ನೋಡಿದರು, ಬಚ್ಚಲಿನ ಕೊಳವೆ ತಟ್ಟಿದರು, ತಾರಸಿಯ ನೀರು ಇಳಿಯುವ ತೂತಿಗೆ ಬಕೆಟ್ಟಿನಲ್ಲಿ ನೀರು ಸುರಿದು ಕಿವಿಗೊಟ್ಟು ಕೇಳಿದರು. ಕಿಟಕಿಯ ಮೇಲಿನ ಸಜ್ಜದ ಇಳಿಜಾರನ್ನೂ ಬೆರಳಿನಲ್ಲಿ ಸವರಿ ನೋಡಿದರು.

"ಚೆನ್ನಾಗಿದೆ. ಧೈರ್ಯವಾಗಿ ಬನ್ನಿ" ಎಂದರು.

"ಇನ್ನೇನೂ ಇಲ್ವಾ ಮಾವ? ಏನಾದ್ರೂ ಕಣ್ಣಿಗೆ ಬಿದ್ದಿದ್ರೆ ಈಗಲೇ ಹೇಳ್ಬಿಡಿ."

"ಇಲ್ಲ, ಏನೂ ಇಲ್ಲ."

ಅಳಿಯ ಅವರ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಬಾಗಿಲ ಬಳಿ ಹೋಗಿ, ಕೆಳಗಿನ ಮಹಡಿಯಲ್ಲಿ ನಲ್ಲಿ ಕೂರಿಸುತ್ತಿದ್ದ ಪ್ಲಂಬರನ್ನು ಕೂಗಿದ. "ಸ್ವಲ್ಪ ಮೇಲೆ ಬರ್ತೀರಾ? ನೀವೂ ಒಂದ್ಸಲ ನೋಡಿ ಹೇಳಿ." ಮಾವ ಬಕೆಟ್ಟನ್ನು ಗೋಡೆಗೆ ಸರಿಸಿ, ಪ್ಲಂಬರಿಗೆ ದಾರಿ ಬಿಟ್ಟು ನಿಂತರು.