ಅವ್ವನಿಗೆ ಓದಲು ಬರುವ ಕಂಪ್ಯೂಟರು

ಮನೆಗೊಂದೇ ಕಂಪ್ಯೂಟರು, ಅದರ ಮುಂದೆ ಮನೆಮಂದಿಯೆಲ್ಲ ಎಂಬ ಕಾಲ ಅದು. ಹೊಳಲಿನ ನಮ್ಮ ಮನೆಗೆ ಅದು ಬಂದದ್ದು ಅಪ್ಪನ ಬೈಕಿನ ಹಿಂದೆ. ಗೆಜ್ಜಲಗೆರೆಯಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಕಡೆ ಬಳಸಿ ಬಿಟ್ಟ ಹಳೇ ಪೆಟ್ಟಿಗೆ. ಪರಿಚಯದವರು ಕಳ್ಳ ಕಾಪಿ ವಿಂಡೋಸ್ ಹಾಕಿಕೊಟ್ಟರು. ಎರಡು ಜಡೆಯ ನಾನೂ ಅಣ್ಣನೂ ರಾಗಿ ಮೂಟೆಗೆ ಒರಗಿ ಕಾರ್ ರೇಸ್ ಆಡುತ್ತಿದ್ದೆವು. ಆಲೆಮನೆಯಿಂದ ಬಿಸಿ ಬೆಲ್ಲದ ವಾಸನೆ ಬಂದರೂ ಜಾಗ ಬಿಟ್ಟು ಏಳುತ್ತಿರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ವೈರಸ್ ಹತ್ತಿ ಕಂಪ್ಯೂಟರು ಮಲಗಿತು. ಮಂಡ್ಯದಲ್ಲಿ ಪಾಲಿಟೆಕ್ನಿಕ್ ಓದುತ್ತಿದ್ದ ಪಕ್ಕದ ಮನೆ ರೇಣುಕಕ್ಕ ಬಂದು ವಿಂಡೋಸ್ ತೆಗೆದು ಅದರ ಬದಲು ಲಿನಕ್ಸ್ ಹಾಕಿದಳು. "ಇದುಕ್ಕೆ ಕಾಸೂ ಇಲ್ಲ, ಕಳ್ತನಾನೂ ಅಲ್ಲ ಕಣ್ರಲಾ" ಎಂದು, ಪರದೆಯ ಅಕ್ಷರಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೋದಳು. ನಮ್ಮ ಕಾರು ಮಾತ್ರ ಅದರಲ್ಲಿ ಓಡಲಿಲ್ಲ. ಅವತ್ತು ಮುದ್ದೆ ಮುಟ್ಟದೆ ಮುನಿಸಿಕೊಂಡೆವು.

ಅವ್ವ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಊರಿನ ಹೆಂಗಸರ ಹಾಲಿನ ಡೈರಿ ನೋಡಿಕೊಳ್ಳುತ್ತಿದ್ದಳು. ಕಂಪ್ಯೂಟರಿನ ಧೂಳು ಒರೆಸುವುದಷ್ಟೇ ಅವಳ ಪಾಲಿನದು. ಈಗ ಒರೆಸುವ ಬಟ್ಟೆ ಹಿಡಿದೇ "ತೆರೆ", "ಉಳಿಸು", "ಮುಚ್ಚು" ಎಂದು ಓದತೊಡಗಿದಳು. "ಸ್ಥಗಿತಗೊಳಿಸು" ಬಂದಾಗ, "ಯಾವ ಮೇಷ್ಟ್ರು ಬರ್ದವ್ರೋ, ಆರ್ಸು ಅಂದ್ರೆ ಸಾಕಾಗಿತ್ತು" ಎಂದು ಬೈದಳು. ಬೈಯುವಷ್ಟು ಸಲಿಗೆ ಬಂದ ಮೇಲೆ ನಮಗೆ ಜಾಗವೇ ಸಿಗದಾಯಿತು.

ನಾವು ಗುಟ್ಟಾಗಿ ಫೋನು ಮಾಡಿ ಮದ್ದೂರಿನಿಂದ ಸೋದರಮಾವನನ್ನು ಕರೆಸಿದೆವು. ಒಂದು ಕೈಯಲ್ಲಿ ವಡೆ ಪೊಟ್ಟಣ, ಇನ್ನೊಂದರಲ್ಲಿ ಯಾರಿಂದಲೋ ಇಸಿದುಕೊಂಡ ವಿಂಡೋಸ್ ಸಿ.ಡಿ.

"ಇದ್ರಲ್ಲೂ ಕನ್ನಡ ಬತ್ತದಾ?" ಅವ್ವ ಕೇಳಿದಳು.

"ಇದು ಇಂಗ್ಲೀಸು ಕಣಕ್ಕ. ಐಕ್ಳು ಆಡಾಕೆ ತಾನೆ? ನಿಂಗ್ಯಾಕೆ?"

ಅವ್ವ ಕೈ ತೊಳೆದು ಬಂದು ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಡೈರಿ ಗೋಡೆಗೆ ಅಂಟಿಸಲು ಒಂದು ಸೂಚನೆ: "ಹಾಲಿಗೆ ನೀರು ಬೆರೆಸುವವರು ನಾಳೆಯಿಂದ ಬರೀ ನೀರನ್ನೇ ಮಾರಿಕೊಳ್ಳಿ." ಮಾವ ಗಟ್ಟಿಯಾಗಿ ಓದಿ ನಕ್ಕ. ಆಮೇಲೆ ನಮ್ಮ ಕಡೆ ತಿರುಗಿ, "ಏನ್ರಲಾ, ಆಕ್ಲಾ ಸಿ.ಡಿ?" ಎಂದ.

ನನಗೆ ಕಾರು ಬೇಕೇ ಬೇಕಿತ್ತು. ಅಣ್ಣ ಅವ್ವನ ಮುಖ ನೋಡಿದ. "ಬ್ಯಾಡ ಬುಡು ಮಾವ. ನಮ್ಮವ್ವುಂಗೆ ಕೆಲ್ಸ ಅದೆ" ಎಂದ. ನಾನೂ ತಲೆಯಾಡಿಸಿದೆ.

ಆ ಸೂಚನೆಯನ್ನು ರೇಣುಕಕ್ಕ ಮಂಡ್ಯದಲ್ಲಿ ಪ್ರಿಂಟು ಹಾಕಿಸಿ ತಂದಳು. ಡೈರಿಗೆ ಹಾಲು ತಂದವರನ್ನೆಲ್ಲ ನಿಲ್ಲಿಸಿ, "ನಮ್ಮವ್ವ ಬರ್ದಿದ್ದು" ಎಂದು ಗೋಡೆ ತೋರಿಸಿದೆ. ಆ ಹೆಮ್ಮೆ ನನ್ನಲ್ಲಿ ಇವತ್ತಿಗೂ ಇಳಿದಿಲ್ಲ.

ಈಗ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪರದೆ. ಜಾಗಕ್ಕೆ ಜಗಳವಿಲ್ಲ, ಯಾರಿಗೆ ಯಾವುದು ಬೇಕೆಂದು ಕೇಳುವ ಪ್ರಮೇಯವೂ ಇಲ್ಲ. ಮೊನ್ನೆ ಮಂಡ್ಯದಲ್ಲಿ ಹೊಸ ಲ್ಯಾಪ್‌ಟಾಪ್ ಕೊಂಡೆ. ಅದರಲ್ಲಿ ಏನಿತ್ತೋ ಅದನ್ನೇ ತಂದೆ, ಕನ್ನಡಕ್ಕೆ ತಿರುಗಿಸಬೇಕೆಂದು ಹೊಳೆಯಲೇ ಇಲ್ಲ. ಅವ್ವ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು, ಪರದೆಯ ಮೇಲಿಂದ ಕೆಳಗಿನವರೆಗೂ ಕಣ್ಣಾಡಿಸಿದಳು.

"ನಿಂಗೊಬ್ಬುಳ್ಗೇ ತಂದ್ಯೇನಮ್ಮ?" ಎಂದಳು.